ಕಾರ್ ಗ್ಲಾಸಿನ ಹಳೇ ಸನ್ ಫಿಲಂ ಕೀಳೋದು: ಪದೇ ಪದೇ ಕೇಳೋ ಪ್ರಶ್ನೆಗಳು

ಹಳೇ ಫಿಲಂ ಇರೋ ಕಾರ್ ಇಟ್ಕೊಂಡವರಿಗೆ ಒಂದಲ್ಲ ಒಂದಿನ ಈ ಕೆಲಸ ತಪ್ಪಿದ್ದಲ್ಲ. ನಾನು ನನ್ನ ಕಾರಿಂದು ಕಿತ್ತಿದೀನಿ, ಆಮೇಲೆ ಮನೆಯವರದ್ದು, ಸ್ನೇಹಿತರದ್ದು ಅಂತ ಇನ್ನೂ ಕೆಲವು ಕಿತ್ತುಕೊಟ್ಟಿದೀನಿ, ಕೇಳೋರೆಲ್ಲ ಹೆಚ್ಚುಕಡಿಮೆ ಅದೇ ಪ್ರಶ್ನೆಗಳನ್ನೇ ಕೇಳ್ತಾರೆ, ಅದಕ್ಕೆ ಎಲ್ಲ ಒಂದೇ ಕಡೆ ಬರೆದಿಡ್ತಾ ಇದೀನಿ. ಶುರುವಲ್ಲೇ ಒಂದು ಮಾತು ಹೇಳ್ಬಿಡ್ತೀನಿ. ಫಿಲಂ ಕೀಳೋದು ಕಷ್ಟದ ಕೆಲಸ ಅಲ್ಲ, ಅದು ಬಿಟ್ಟು ಹೋಗೋ ಗಮ್ ತೆಗೆಯೋದು ಕಷ್ಟ, ಹಿಂದಿನ ಗ್ಲಾಸ್ ಮೇಲಿರೋ, ಮಂಜು ಬಿಡಿಸೋ ಆ ಸಣ್ಣ ಗೆರೆಗಳನ್ನ ಉಳಿಸ್ಕೊಳ್ಳೋದು ಎಲ್ಲಕ್ಕಿಂತ ಕಷ್ಟ. ಅವಸರ ಮಾಡಿದ್ರೆ ಎರಡೂ ಕೆಡತ್ತೆ.

ಕಪ್ಪಗಿದ್ದ ಫಿಲಂ ನೇರಳೆ ಬಣ್ಣಕ್ಕೆ ತಿರುಗಿದೆ, ಗುಳ್ಳೆನೂ ಎದ್ದಿದೆ. ಯಾಕೆ?

ಫಿಲಂ ಅಂದ್ರೆ ಪಾಲಿಯೆಸ್ಟರ್ ಹಾಳೆ, ಅದರ ಒಂದು ಕಡೆ ಗಮ್. ಕಮ್ಮಿ ದರ್ಜೆ ಫಿಲಂಗಳಲ್ಲಿ ಕಪ್ಪು ಬರೋಕೆ ಬೇರೆ ಬೇರೆ ಬಣ್ಣದ ಡೈಗಳನ್ನ ಸೇರಿಸಿರ್ತಾರೆ, ಬಿಸಿಲಿನ ಅಲ್ಟ್ರಾವಯಲೆಟ್ ಕಿರಣಕ್ಕೆ ಅವೆಲ್ಲ ಒಂದೇ ವೇಗದಲ್ಲಿ ಹಾಳಾಗಲ್ಲ, ಕೆಲವು ಬೇಗ ಹೋಗತ್ವೆ ಕೆಲವು ಉಳ್ಕೊಳ್ತವೆ, ಉಳಿದಿದ್ದು ಕಣ್ಣಿಗೆ ನೇರಳೆಯಾಗಿ ಕಾಣತ್ತೆ. ಸೆರಾಮಿಕ್ ಫಿಲಂ, ಮೆಟಲ್ ಲೇಪನ ಇರೋ ಫಿಲಂ ಹೀಗೆ ನೇರಳೆ ಆಗಲ್ಲ. ಗುಳ್ಳೆ ಬರೋದು ಗಮ್ ಕೈಕೊಟ್ಟಾಗ. ಸೂಜಿಯಿಂದ ಚುಚ್ಚಿ ಒತ್ತಿದ್ರೆ ಸರಿಹೋಗತ್ತೆ ಅಂತ ಕೆಲವರು ಹೇಳ್ತಾರೆ, ಹಳೇ ಫಿಲಂನಲ್ಲಿ ಅದು ಆಗೋ ಮಾತಲ್ಲ, ಅಲ್ಲಿ ಹಿಡಿದಿಡೋಕೆ ಗಮ್ಮೇ ಉಳಿದಿರಲ್ಲ.

ಇದನ್ನ ಯಾಕೆ ಹೇಳಿದೆ ಅಂದ್ರೆ, ನೇರಳೆ ಆಗಿದೆ ಅಂದ್ರೆ ಆ ಫಿಲಂ ಬಿಸಿಲಲ್ಲಿ ಬೆಂದು ಒಣಗಿ ಪುಡಿಪುಡಿ ಆಗೋ ಸ್ಥಿತಿಯಲ್ಲಿದೆ ಅಂತ ಅರ್ಥ. ಒಂದೇ ಹಾಳೆಯಾಗಿ ಬರತ್ತೆ ಅಂತ ಆಸೆ ಇಟ್ಕೋಬೇಡಿ.

ಹಾಗೇ ಬಿಟ್ರೆ ಏನಾಗತ್ತೆ?

ಗ್ಲಾಸಿಗೆ ಏನೂ ಆಗಲ್ಲ. ಆದ್ರೆ ರಾತ್ರಿ ಮಳೇಲಿ ಹಿಂದಿನ ಗಾಡಿ ಹೆಡ್‌ಲೈಟ್ ಆ ಗುಳ್ಳೆಗಳ ಮೇಲೆ ಬಿದ್ರೆ ಇಡೀ ಗ್ಲಾಸ್ ಮಂಜು ಕವಿದ ಹಾಗೆ ಹೊಳೆಯತ್ತೆ, ಪಕ್ಕದಲ್ಲಿ ಸೈಕಲ್ಲೋ ನಡ್ಕೊಂಡು ಹೋಗೋ ಮನುಷ್ಯನೋ ಇದ್ರೂ ಕಾಣಲ್ಲ. ನನಗೆ ಅದೊಂದೇ ಕಾರಣ ಸಾಕು.

ಗ್ಲಾಸೇ ಕಪ್ಪಾ, ಇಲ್ಲಾ ಫಿಲಂ ಹಾಕಿದಾರಾ, ಹೇಗೆ ಗೊತ್ತಾಗತ್ತೆ?

ಡೋರ್ ಗ್ಲಾಸನ್ನ ಅರ್ಧ ಇಳಿಸಿ ಮೇಲಿನ ಅಂಚು ನೋಡಿ. ಫಿಲಂ ಆಗಿದ್ರೆ ಅಂಚಿಗಿಂತ ಒಂದೆರಡು ಮಿಲಿಮೀಟರ್ ಕೆಳಗೆ ಒಂದು ಗೆರೆ ಕಾಣತ್ತೆ, ಅದರ ಮೇಲೆ ಗ್ಲಾಸ್ ತಿಳಿಯಾಗಿರತ್ತೆ. ಒಳಗಡೆಯಿಂದ ಉಗುರಲ್ಲಿ ಆ ಗೆರೆ ಮೇಲೆ ಎಳೆದ್ರೆ ಮೆಟ್ಟಿಲು ಸಿಕ್ಕ ಹಾಗೆ ಸಿಗತ್ತೆ. ಅಂಚಿನವರೆಗೂ ಒಂದೇ ಬಣ್ಣ ಇದ್ರೆ ಅದು ಫ್ಯಾಕ್ಟರಿಯಿಂದ್ಲೇ ಬಂದ ಬಣ್ಣದ ಗ್ಲಾಸ್, ಬಣ್ಣ ಗಾಜಿನ ಒಳಗೇ ಇರತ್ತೆ, ಅದನ್ನ ತೆಗೆಯೋಕಾಗಲ್ಲ, ಗ್ಲಾಸೇ ಬದಲಿಸ್ಬೇಕು. ಕೆಲವು ಕಾರಲ್ಲಿ ಬಣ್ಣದ ಗ್ಲಾಸ್ ಮೇಲೆ ಫಿಲಂನೂ ಇರತ್ತೆ, ಅಂಥದ್ರಲ್ಲಿ ಫಿಲಂ ಕಿತ್ತ ಮೇಲೂ ಸ್ವಲ್ಪ ಕಪ್ಪು ಉಳಿಯತ್ತೆ, ಗಾಬರಿ ಆಗ್ಬೇಡಿ.

ಏನೇನು ಸಾಮಾನು ಬೇಕು?

ಬಟ್ಟೆ ಸುಕ್ಕು ತೆಗೆಯೋ ಸ್ಟೀಮರ್ ಅಥವಾ ಹೇರ್ ಡ್ರೈಯರ್, ಸ್ಪ್ರೇ ಬಾಟಲಲ್ಲಿ ನೀರು ಜೊತೆಗೆ ಪಾತ್ರೆ ತೊಳೆಯೋ ಲಿಕ್ವಿಡ್ ನಾಲ್ಕೈದು ಹನಿ, ಹಿಡಿ ಇರೋ ಸ್ಕ್ರೇಪರ್ ಮತ್ತೆ ಅದಕ್ಕೆ ಹೊಸ ಬ್ಲೇಡ್‌ಗಳು, ಒಂದು ಪ್ಲಾಸ್ಟಿಕ್ ಸ್ಕ್ರೇಪರ್, ಗೀಚದೇ ಇರೋ ನೈಲಾನ್ ಸ್ಕ್ರಬ್ಬರ್, ಐಸೊಪ್ರೊಪೈಲ್ ಆಲ್ಕೋಹಾಲ್, ಮೈಕ್ರೋಫೈಬರ್ ಬಟ್ಟೆ ನಾಲ್ಕೈದು. ಹಳೇ ಟವೆಲ್‌ಗಳು ಎಷ್ಟಿದ್ರೂ ಬೇಕಾಗತ್ತೆ, ಯಾಕಂದ್ರೆ ಡೋರ್ ಮೇಲಿರೋ ಪವರ್ ವಿಂಡೋ ಸ್ವಿಚ್ ಒಳಗೆ ನೀರು ಹೋದ್ರೆ ಇನ್ನೊಂದು ಖರ್ಚು. ಮೊದಲು ಟವೆಲ್ ಹಾಸಿ, ಆಮೇಲೆ ನೀರಿಗೆ ಕೈ ಹಾಕಿ.

ಸ್ಟೀಮರ್, ಹೇರ್ ಡ್ರೈಯರ್, ಹೀಟ್ ಗನ್, ಯಾವುದು ಒಳ್ಳೇದು?

ನನ್ನ ಓಟು ಸ್ಟೀಮರಿಗೆ. ಹಬೆ 100 ಡಿಗ್ರಿ ಮೇಲೆ ಹೋಗಲ್ಲ, ಹಾಗಾಗಿ ರಬ್ಬರ್ ಬೀಡಿಂಗ್, ಪ್ಲಾಸ್ಟಿಕ್ ಟ್ರಿಮ್ ಕರಗೋ ಭಯ ಕಮ್ಮಿ, ಗಮ್ ಮಾತ್ರ ಚೆನ್ನಾಗಿ ಮೆತ್ತಗಾಗತ್ತೆ, ಜೊತೆಗೆ ಸ್ವಲ್ಪ ತೇವನೂ ಸಿಗತ್ತೆ. ಕೈ ಮಾತ್ರ ಹುಷಾರು, ಹಬೆ ಸುಟ್ರೆ ಉರಿ ಬೇಗ ಹೋಗಲ್ಲ, ಗ್ಲೌಸ್ ಹಾಕ್ಕೊಳ್ಳಿ.

ಹೇರ್ ಡ್ರೈಯರ್ ನಿಧಾನ ಆದ್ರೂ ಕೆಲಸ ಆಗತ್ತೆ. ಹೀಟ್ ಗನ್ ಹೊಸಬರಿಗೆ ಬೇಡ ಅಂತೀನಿ. ಅದು 500 ಡಿಗ್ರಿವರೆಗೂ ಹೋಗತ್ತೆ, ಒಂದೇ ಜಾಗದಲ್ಲಿ ಹಿಡಿದ್ರೆ ಫಿಲಂ ಸುಟ್ಟು ಗ್ಲಾಸಿಗೆ ಇನ್ನೂ ಗಟ್ಟಿಯಾಗಿ ಕೂತ್ಕೊಳ್ಳತ್ತೆ, ಬೀಡಿಂಗ್ ಸೊಟ್ಟ ಆಗತ್ತೆ, ಗ್ಲಾಸ್ ಬಿರುಕು ಬಿಡೋ ಸಾಧ್ಯತೆನೂ ಇದೆ. ಅದರಲ್ಲೂ ಮುಂದಿನ ವಿಂಡ್‌ಶೀಲ್ಡಿನಲ್ಲಿ ಕಲ್ಲು ಬಡಿದ ಸಣ್ಣ ಗುರುತು ಇದ್ರೆ ಆ ಶಾಖಕ್ಕೆ ಉದ್ದದ ಬಿರುಕಾಗಿ ಓಡಿಬಿಡತ್ತೆ. ಬಳಸ್ಲೇಬೇಕು ಅಂದ್ರೆ ಕಮ್ಮಿ ಸೆಟ್ಟಿಂಗಲ್ಲಿಟ್ಟು ಕೈ ನಿಲ್ಲಿಸದೇ ಆಡಿಸ್ತಾ ಇರಿ. ಚಳಿಗೆ ಗ್ಲಾಸ್ ತಣ್ಣಗಿರೋವಾಗ ಯಾವ ಶಾಖನೂ ಒಮ್ಮೆಲೇ ಕೊಡ್ಬೇಡಿ.

ಇನ್ನೊಂದು, ಬಿಸಿಲು ಪುಕ್ಕಟೆ ಹೀಟರ್. ಕಾರನ್ನ ಒಂದೆರಡು ಗಂಟೆ ಬಿಸಿಲಲ್ಲಿ ಬಿಟ್ಟು ಆಮೇಲೆ ಶುರು ಮಾಡಿದ್ರೆ ಅರ್ಧ ಶ್ರಮ ಉಳಿಯತ್ತೆ.

ಸೈಡ್ ಗ್ಲಾಸ್ ಎಲ್ಲಿಂದ ಶುರು ಮಾಡ್ಲಿ?

ಗ್ಲಾಸನ್ನ ಎರಡು ಬೆರಳಷ್ಟು ಮಾತ್ರ ಇಳಿಸಿ, ಮೇಲಿನ ಮೂಲೆ ಕೈಗೆ ಸಿಗಬೇಕು ಅಷ್ಟೇ. ಆ ಮೂಲೆಗೆ ಅರ್ಧ ನಿಮಿಷದಿಂದ ಒಂದು ನಿಮಿಷ ಹಬೆ ಕೊಡಿ, ಉಗುರಿಂದ ಅಥವಾ ಬ್ಲೇಡಿನ ತುದಿಯಿಂದ ಮೂಲೆ ಎಬ್ಬಿಸಿ. ಬೆರಳಲ್ಲಿ ಹಿಡಿಯೋವಷ್ಟು ಬಂದ ಮೇಲೆ ಬ್ಲೇಡ್ ಪಕ್ಕಕ್ಕಿಡಿ, ಇಲ್ಲಿಂದ ಮುಂದೆ ಶಾಖದ್ದೇ ಕೆಲಸ.

ಎಳೆಯೋ ರೀತಿ ಬಗ್ಗೆ ಸ್ವಲ್ಪ ಜಾಸ್ತಿ ಹೇಳ್ತೀನಿ, ಇಲ್ಲೇ ಎಲ್ರೂ ತಪ್ಪೋದು. ಫಿಲಂ ಗ್ಲಾಸನ್ನ ಬಿಡ್ತಾ ಇರೋ ಆ ಗೆರೆ ಇದೆಯಲ್ಲ, ಕಣ್ಣು ಅಲ್ಲೇ ಇರಲಿ, ಹಬೆನೂ ಅಲ್ಲೇ, ಒಂದೆರಡು ಸೆಂಟಿಮೀಟರ್ ಮುಂದೆ. ಶಾಖ ಸರಿಯಾಗಿದ್ರೆ ಗಮ್ ಬಿಳಿ ನೂಲಿನ ಎಳೆಗಳ ಥರ ಹಿಗ್ಗಿ ಫಿಲಂ ಜೊತೆನೇ ಬಂದ್ಬಿಡತ್ತೆ, ಗ್ಲಾಸ್ ಕ್ಲೀನಾಗಿ ಕಾಣತ್ತೆ. ಎಳೆಗಳು ಪಟಪಟ ಅಂತ ಕಿತ್ತು ಗ್ಲಾಸ್ ಮೇಲೆ ಬೂದು ಬಣ್ಣದ ಪದರ ಉಳೀತಾ ಇದ್ರೆ ನಿಮ್ಮ ಕೈ ಜೋರಾಗಿದೆ ಅಥವಾ ಶಾಖ ಸಾಲದು ಅಂತ ಅರ್ಥ, ಅಲ್ಲೇ ನಿಲ್ಲಿಸಿ, ಮತ್ತೆ ಬಿಸಿ ಮಾಡಿ, ಮತ್ತೆ ಎಳೀರಿ. ಒಂದು ಸೆಕೆಂಡಿಗೆ ಒಂದು ಸೆಂಟಿಮೀಟರ್ ಸಾಕು, ನಿಧಾನ ಅನ್ಸತ್ತೆ, ಆದ್ರೆ ಹೀಗೆ ಕಿತ್ತಿದ್ದಕ್ಕೆ ಆಮೇಲೆ ಗಮ್ ಕೆರೆಯೋ ಒಂದು ಗಂಟೆ ಉಳಿಯತ್ತೆ.

ಅರ್ಧ ಬಂದ ಮೇಲೆ ಗ್ಲಾಸ್ ಪೂರ್ತಿ ಏರಿಸಿ, ಕೆಳಗಿನ ಬೀಡಿಂಗ್ ಒಳಗೆ ಫಿಲಂ ಸ್ವಲ್ಪ ಇಳಿದಿರತ್ತೆ, ಅದನ್ನ ಅಲ್ಲೇ ಕತ್ತರಿಸ್ಬೇಡಿ, ಬೀಡಿಂಗನ್ನ ಪ್ಲಾಸ್ಟಿಕ್ ಸ್ಕ್ರೇಪರಿಂದ ಮೆಲ್ಲಗೆ ಹಿಂದಕ್ಕೆ ಒತ್ತಿ ಪೂರ್ತಿ ಎಳೆದು ತೆಗೀರಿ. ಚೂರು ಒಳಗೇ ಉಳಿದ್ರೆ ಆ ಗಮ್ಮಿಗೆ ಧೂಳು ಅಂಟಿ, ಗ್ಲಾಸ್ ಇಳಿಸಿ ಏರಿಸಿದಾಗೆಲ್ಲ ಗೀಚ್ತಾ ಇರತ್ತೆ.

ಮೇಲಿನ ಪದರ ಸಲೀಸಾಗಿ ಬಂತು, ಆದ್ರೆ ಗ್ಲಾಸ್ ಮೇಲೆ ಇನ್ನೇನೋ ಇದೆ?

ಎಷ್ಟೋ ಫಿಲಂಗಳಲ್ಲಿ ಎರಡು ಪದರ ಅಂಟಿಸಿರ್ತಾರೆ. ವಯಸ್ಸಾದಾಗ ಎರಡೂ ಬೇರೆ ಆಗಿ ಬಣ್ಣದ ಪದರ ಮಾತ್ರ ಕೈಗೆ ಬರತ್ತೆ, ಪಾರದರ್ಶಕ ಪದರ ಗಮ್ ಸಮೇತ ಗ್ಲಾಸಿನ ಮೇಲೆ ಕೂತಿರತ್ತೆ. ಎಷ್ಟೋ ಜನ ಇದನ್ನೇ ಗಮ್ ಅಂದ್ಕೊಂಡು ಸೋಪ್ ನೀರು ಹಾಕಿ ಉಜ್ಜಿ ಉಜ್ಜಿ ಸುಸ್ತಾಗ್ತಾರೆ. ಬೆರಳಿಟ್ಟು ನೋಡಿ, ಅಂಟ್ತಾ ಇದ್ರೆ ಗಮ್, ನುಣ್ಣಗೆ ಒಣಗಿದ ಹಾಗಿದ್ರೆ ಇನ್ನೊಂದು ಹಾಳೆ ಇದೆ. ಹಾಳೆ ಇದ್ರೆ ಮತ್ತೆ ಮೂಲೆಯಿಂದ ಬಿಸಿ ಮಾಡಿ ಎಬ್ಬಿಸ್ಬೇಕು.

ಹಿಂದಿನ ಗ್ಲಾಸ್ ಬಗ್ಗೆ ಯಾಕಷ್ಟು ಹೆದರಿಸ್ತೀರಾ?

ಆ ಅಡ್ಡ ಗೆರೆಗಳು ಡಿಫಾಗರ್, ಅಂದ್ರೆ ಕರೆಂಟಲ್ಲಿ ಬಿಸಿ ಆಗಿ ಗ್ಲಾಸಿನ ಮಂಜು ಬಿಡಿಸೋ ಗೆರೆಗಳು. ಅವು ಗಾಜಿನ ಒಳಗಿಲ್ಲ, ಒಳಮೈ ಮೇಲೆ ಬೆಳ್ಳಿ ಬೆರೆಸಿದ ಪೇಸ್ಟ್ ಪ್ರಿಂಟ್ ಮಾಡಿ ಸುಟ್ಟು ಕೂರಿಸಿರೋದು, ಫಿಲಂ ಅಂಟಿರೋದೂ ಸರಿಯಾಗಿ ಅದರ ಮೇಲೇನೇ. ಬ್ಲೇಡ್ ಒಂದ್ಸಲ ಅಡ್ಡ ಹೋದ್ರೆ ಗೆರೆ ಕಟ್, ಅಲ್ಲಿಗೆ ಆ ಗೆರೆ ಬಿಸಿ ಆಗಲ್ಲ. ಕೆಲವು ಕಾರಲ್ಲಿ ರೇಡಿಯೋ ಆಂಟೆನಾನೂ ಇದೇ ಗ್ಲಾಸಲ್ಲಿರತ್ತೆ, ಅದು ಕಟ್ ಆದ್ರೆ ಸ್ಟೇಷನ್ ಸರಿಯಾಗಿ ಹಿಡಿಯಲ್ಲ.

ನನ್ನ ಮೊದಲ ಕಾರಲ್ಲಿ ಎರಡು ಗೆರೆ ಹೋಯ್ತು. ಸೈಡ್ ಗ್ಲಾಸ್ ಎಲ್ಲ ಚೆನ್ನಾಗಿ ಬಂದಿತ್ತು, ಕತ್ತಲಾಗ್ತಾ ಇತ್ತು, ಹಿಂದಿನ ಗ್ಲಾಸಲ್ಲಿ ಹಸ್ತದಗಲ ಫಿಲಂ ಉಳಿದಿತ್ತು, ಇಷ್ಟೇ ತಾನೇ ಅಂತ ಸ್ಕ್ರೇಪರ್ ಇಟ್ಟೆ. ಬ್ಲೇಡ್ ಗೆರೆ ಮೇಲೆ ಹಾದಾಗ ಕೈಗೆ ಒಂದು ಸಣ್ಣ ಟಕ್ ಅನ್ನೋ ಜರ್ಕ್ ಬಂತು, ಅದು ಏನು ಅಂತ ಗೊತ್ತಾಗೋ ಹೊತ್ತಿಗೆ ಇನ್ನೊಂದೂ ಹೋಗಿತ್ತು. ಆವತ್ತಿಂದ ಹಿಂದಿನ ಗ್ಲಾಸಿಗೆ ಕೈ ಹಾಕೋ ಮುಂಚೆ ಬ್ಲೇಡನ್ನ ಕಾರಿಂದ ಹೊರಗೇ ಇಟ್ಟು ಬರ್ತೀನಿ, ನೀವೂ ಹಾಗೇ ಮಾಡಿ.

ಹಾಗಾದ್ರೆ ಬ್ಲೇಡ್ ಇಲ್ದೆ ಹಿಂದಿನ ಗ್ಲಾಸ್ ಹೇಗೆ?

ಶುರು ಮಾಡೋ ಮುಂಚೆ ಡಿಫಾಗರ್ ಆನ್ ಮಾಡಿ ಎಲ್ಲ ಗೆರೆ ಕೆಲಸ ಮಾಡ್ತಾ ಇದೆಯಾ ನೋಡ್ಕೊಳ್ಳಿ, ಗ್ಲಾಸ್ ಮಂಜು ಹಿಡಿದಿದ್ರೆ ಪ್ರತಿ ಗೆರೆ ಸುತ್ತ ತಿಳಿಯಾಗತ್ತೆ, ಮೊದಲೇ ಸತ್ತಿರೋ ಗೆರೆ ಯಾವುದು ಅಂತ ಆಗ್ಲೇ ಗೊತ್ತಾಗತ್ತೆ. ಆಮೇಲೆ ಆಫ್ ಮಾಡಿಬಿಡಿ.

ಹಿಂದಿನ ಸೀಟಿನ ಹೆಡ್‌ರೆಸ್ಟ್ ತೆಗೀರಿ, ಬ್ರೇಕ್ ಲೈಟ್ ಗ್ಲಾಸಿಗೆ ಅಂಟ್ಕೊಂಡಿದ್ರೆ ಅದನ್ನೂ ಬಿಚ್ಚಿ, ಸ್ಪೀಕರ್ ಇರೋ ಹಿಂದಿನ ಟ್ರೇ ಮೇಲೆ ಪ್ಲಾಸ್ಟಿಕ್ ಹಾಸಿ ಅದರ ಮೇಲೆ ಟವೆಲ್. ಕಾರಿನ ಹಿಂಭಾಗ ಬಿಸಿಲಿಗೆ ಮುಖ ಮಾಡಿರಲಿ. ದೊಡ್ಡ ಕಪ್ಪು ಕಸದ ಚೀಲವನ್ನ ಗ್ಲಾಸಿನ ಅಳತೆಗೆ ಕತ್ತರಿಸಿ, ಹೊರಗಡೆ ಸೋಪ್ ನೀರು ಸ್ಪ್ರೇ ಮಾಡಿ ಅಂಟಿಸಿ, ಒಳಗಡೆ ಫಿಲಂ ಮೇಲೂ ಸೋಪ್ ನೀರು ಹೊಡೆದು ಇನ್ನೊಂದು ಹಾಳೆ ಮುಚ್ಚಿ. ಕಪ್ಪು ಬಣ್ಣ ಬಿಸಿಲು ಹೀರಿ ಇಡೀ ಗ್ಲಾಸನ್ನ ಒಂದೇ ಸಮ ಬಿಸಿ ಮಾಡತ್ತೆ. ಒಂದೆರಡು ಗಂಟೆ ಬಿಟ್ಟು ಒಳಗಿನ ಹಾಳೆ ತೆಗೆದು ಮೂಲೆಯಿಂದ ಶುರು ಮಾಡಿ, ಜೊತೆಗೆ ಸ್ಟೀಮರ್ ಇರಲಿ. ಇಬ್ಬರಿದ್ರೆ ಒಬ್ಬರು ಹೊರಗಿಂದ ಬಿಸಿ ಕೊಡ್ತಾ ಇರೋದು, ಇನ್ನೊಬ್ಬರು ಒಳಗೆ ಎಳೀತಾ ಇರೋದು, ಇದಕ್ಕಿಂತ ಒಳ್ಳೇ ದಾರಿ ನಾನು ನೋಡಿಲ್ಲ.

ಎಳೆಯೋ ದಿಕ್ಕು ಮುಖ್ಯ. ಗೆರೆ ಹೇಗೆ ಹೋಗಿದೆಯೋ ಹಾಗೇ, ಅಂದ್ರೆ ಎಡದಿಂದ ಬಲಕ್ಕೆ ಇಲ್ಲಾ ಬಲದಿಂದ ಎಡಕ್ಕೆ. ಫಿಲಂನ ಗ್ಲಾಸಿಗೆ ಹತ್ತಿರವಾಗಿ ಹಿಂದಕ್ಕೆ ಮಡಚಿ ಎಳೀರಿ, ನೇರ ನಿಮ್ಮ ಕಡೆ ಜಗ್ಗಿದ್ರೆ ಹಳೇ ಗೆರೆ ಎದ್ದು ಬರಬಹುದು. ಎರಡು ತುದಿಯಲ್ಲೂ ಗೆರೆಗಳು ಸೇರೋ ಅಗಲ ಪಟ್ಟಿ ಇರತ್ತೆ, ಅಲ್ಲಿ ವೈರ್ ಬೆಸೆದಿರೋ ಸಣ್ಣ ತಗಡಿನ ಟ್ಯಾಬ್ ಇರತ್ತೆ, ಅದಕ್ಕೆ ಕೈ ತಗುಲಿ ಕಿತ್ಕೊಂಡ್ರೆ ಒಂದು ಗೆರೆ ಅಲ್ಲ, ಇಡೀ ಡಿಫಾಗರ್ ನಿಂತುಹೋಗಬಹುದು.

ಸೈಡ್ ಗ್ಲಾಸಲ್ಲಿ ಬ್ಲೇಡ್ ಹಾಕಿದ್ರೆ ಗೀರು ಬೀಳಲ್ವಾ?

ಗಾಜು ಸಾಮಾನ್ಯ ಉಕ್ಕಿಗಿಂತ ಗಟ್ಟಿ. ಗೀರು ಬೀಳೋದು ಬ್ಲೇಡ್ ಅಡಿ ಸಿಕ್ಕೋ ಮರಳಿನ ಕಣದಿಂದ, ಇಲ್ಲಾ ತುಕ್ಕು ಹಿಡಿದ, ತುದಿ ಮುರಿದ ಬ್ಲೇಡಿಂದ. ಹಾಗಾಗಿ ಮೊದಲು ಗ್ಲಾಸ್ ತೊಳೀರಿ, ಯಾವಾಗ್ಲೂ ಒದ್ದೆ ಇರಲಿ, ಬ್ಲೇಡನ್ನ ಸುಮಾರು 30 ಡಿಗ್ರಿ ಓರೆಯಲ್ಲಿ ಹಿಡಿದು ಮುಂದಕ್ಕೆ ಮಾತ್ರ ತಳ್ಳಿ, ಹಿಂದಕ್ಕೆ ಎಳೀಬೇಡಿ, ಎತ್ತಿ ಮತ್ತೆ ಮುಂದಿಡಿ. ಒಂದು ಗ್ಲಾಸಿಗೆ ಒಂದು ಹೊಸ ಬ್ಲೇಡ್ ಅಂತ ಇಟ್ಕೊಳ್ಳಿ, ಅದರಲ್ಲಿ ಜಿಪುಣತನ ಬೇಡ.

ಹಿಂದಿನ ಕಿಟಕಿ ಪ್ಲಾಸ್ಟಿಕ್ ಆಗಿರೋ ಕಾರುಗಳೂ ಇವೆ, ಮಡಚೋ ಟಾಪ್ ಇರೋ ಗಾಡಿಗಳಲ್ಲಿ ಮುಖ್ಯವಾಗಿ. ಅದಕ್ಕೆ ಬ್ಲೇಡೂ ಬೇಡ, ಹೀಟ್ ಗನ್ನೂ ಬೇಡ, ಅಮೋನಿಯಾನೂ ಬೇಡ.

ಗಮ್ ಹೋಗ್ತಾನೇ ಇಲ್ಲ!

ಹೋಗತ್ತೆ. ಗಮ್ಮನ್ನ ಒಣಗೋಕೆ ಬಿಡ್ಬಾರದು, ಅಷ್ಟೇ ಗುಟ್ಟು. ಸೋಪ್ ನೀರು ಧಾರಾಳವಾಗಿ ಹೊಡೀರಿ, ಗ್ಲಾಸ್ ಓರೆ ಇದ್ದು ನೀರು ಜಾರಿ ಹೋಗ್ತಾ ಇದ್ರೆ ಪೇಪರ್ ಟವೆಲ್ ಒದ್ದೆ ಮಾಡಿ ಗಮ್ ಮೇಲೆ ಅಂಟಿಸಿ ಹದಿನೈದು ಇಪ್ಪತ್ತು ನಿಮಿಷ ಬಿಡಿ. ಆಗ ಅದು ಬೆಳ್ಳಗೆ ಉಬ್ಬಿ ಮೆತ್ತಗಾಗತ್ತೆ, ಸೈಡ್ ಗ್ಲಾಸಲ್ಲಿ ಬ್ಲೇಡಿಂದ ತಳ್ಳಿದ್ರೆ ಸುರುಳಿ ಸುರುಳಿಯಾಗಿ ಬರತ್ತೆ. ಹಿಂದಿನ ಗ್ಲಾಸಲ್ಲಿ ನೈಲಾನ್ ಸ್ಕ್ರಬ್ಬರ್, ಅದೂ ಗೆರೆ ಹೋದ ದಿಕ್ಕಲ್ಲೇ, ಒತ್ತಡ ಹಾಕದೆ. ಕೊನೇಲಿ ಉಳಿಯೋ ಜಿಡ್ಡಿಗೆ ಬಟ್ಟೆಗೆ ಆಲ್ಕೋಹಾಲ್ ಹಾಕ್ಕೊಂಡು ಒರೆಸಿ, ಅಥವಾ ಕಿತ್ತಳೆ ಸಿಪ್ಪೆ ಎಣ್ಣೆಯಿಂದ ಮಾಡೋ ಗಮ್ ರಿಮೂವರ್ ಸಿಗತ್ತೆ, ಅದೂ ಚೆನ್ನಾಗಿದೆ. ಬಟ್ಟೆ ಬದಲಿಸ್ತಾ ಇರಿ, ಒಂದೇ ಬಟ್ಟೆಯಲ್ಲಿ ಒರೆಸಿದ್ರೆ ಗಮ್ಮನ್ನ ಇಲ್ಲಿಂದ ತೆಗೆದು ಅಲ್ಲಿಗೆ ಹಚ್ಚಿದ ಹಾಗೆ.

ಅಮೋನಿಯಾ ಹಾಕಿದ್ರೆ ಬೇಗ ಬರತ್ತಂತೆ?

ಬರತ್ತೆ, ಸುಳ್ಳಲ್ಲ. ಆದ್ರೆ ಮುಚ್ಚಿದ ಕಾರೊಳಗೆ, ಬಿಸಿಲಲ್ಲಿ, ಆ ಆವಿ ಕಣ್ಣು ಗಂಟಲು ಶ್ವಾಸಕೋಶ ಎಲ್ಲದಕ್ಕೂ ಕೆಟ್ಟದ್ದು. ಲೆದರ್, ವಿನೈಲ್, ಡ್ಯಾಶ್‌ಬೋರ್ಡ್ ಮೇಲೆ ಬಿದ್ರೆ ಅದೂ ಹಾಳಾಗಬಹುದು. ಕಪ್ಪು ಚೀಲದ ವಿಧಾನದಲ್ಲಿ ಅರ್ಧ ಕೆಲಸ ಮಾಡೋದು ಶಾಖ, ಅದು ಸೋಪ್ ನೀರಲ್ಲೂ ಸಿಗತ್ತೆ, ಹಾಗಾಗಿ ನಾನು ಅಮೋನಿಯಾ ಬಿಟ್ಟು ತುಂಬಾ ದಿನ ಆಯ್ತು. ಮಾಡೇ ಮಾಡ್ತೀನಿ ಅನ್ನೋರು ಎಲ್ಲ ಡೋರ್ ತೆಗೆದಿಟ್ಟು, ಮಾಸ್ಕ್, ಕನ್ನಡಕ, ಗ್ಲೌಸ್ ಹಾಕ್ಕೊಂಡು ಮಾಡಿ, ಮಕ್ಕಳು ಹತ್ರ ಬೇಡ. ಬ್ಲೀಚ್ ಜೊತೆ ಯಾವತ್ತೂ ಬೆರೆಸ್ಬೇಡಿ, ಕ್ಲೋರಮೀನ್ ಅನ್ನೋ ವಿಷದ ಗ್ಯಾಸ್ ಬರತ್ತೆ, ಇದನ್ನ ಹಗುರವಾಗಿ ತಗೋಬೇಡಿ.

ಪೆಟ್ರೋಲ್, ಥಿನ್ನರ್, ನೈಲ್ ಪಾಲಿಶ್ ರಿಮೂವರ್?

ಪೆಟ್ರೋಲ್ ಬೇಡವೇ ಬೇಡ, ಕಾರೊಳಗೆ ಆವಿ ತುಂಬಿ ಪಕ್ಕದಲ್ಲಿ ಹೇರ್ ಡ್ರೈಯರ್ ಆನ್ ಆದ್ರೆ ಬೆಂಕಿ. ಆಲ್ಕೋಹಾಲ್ ಬಳಸೋವಾಗಲೂ ಇದೇ ಮಾತು, ಶಾಖದ ಕೆಲಸ ಎಲ್ಲ ಮುಗಿದ ಮೇಲೆ ಅದರ ಬಾಟಲ್ ತೆಗೀರಿ. ಥಿನ್ನರ್, ಅಸಿಟೋನ್ ಒಂದು ಹನಿ ಪ್ಲಾಸ್ಟಿಕ್ ಮೇಲೆ ಬಿದ್ರೂ ಕರೆ ಉಳಿಯತ್ತೆ, ಪೇಂಟ್ ಮೇಲೆ ಬಿದ್ರೆ ಕೇಳೋದೇ ಬೇಡ. ಡಬ್ಲ್ಯೂಡಿ-40 ಗಮ್ ಸಡಿಲ ಮಾಡತ್ತೆ, ಆದ್ರೆ ಎಣ್ಣೆ ಜಿಡ್ಡು ಬಿಡತ್ತೆ, ಆಮೇಲೆ ಸೋಪ್ ನೀರು, ಅದಾದ್ಮೇಲೆ ಆಲ್ಕೋಹಾಲ್ ಹಾಕಿ ಒರೆಸ್ಲೇಬೇಕು.

ಅಂಚಿನ ಕಪ್ಪು ಚುಕ್ಕಿಗಳ ಮೇಲೆ ಫಿಲಂ ಚೂರುಚೂರು ಉಳಿದಿದೆ.

ಆ ಚುಕ್ಕಿ ಸೆರಾಮಿಕ್ ಪೇಂಟ್, ಗಾಜಿನ ಮೇಲೆ ಸುಟ್ಟು ಕೂರಿಸಿರೋದು. ಬ್ಲೇಡ್ ಹಾಕಿದ್ರೆ ಕೆರೆದು ಬರಬಹುದು. ಹಬೆ, ಉಗುರು, ಪ್ಲಾಸ್ಟಿಕ್ ಸ್ಕ್ರೇಪರ್, ಇಷ್ಟರಲ್ಲೇ ಮುಗಿಸಿ.

ಒಟ್ಟು ಎಷ್ಟು ಹೊತ್ತು ಹಿಡಿಯತ್ತೆ?

ಫಿಲಂ ಒಳ್ಳೇದಿದ್ರೆ ಒಂದು ಸೈಡ್ ಗ್ಲಾಸಿಗೆ ಅರ್ಧ ಗಂಟೆ. ಪುಡಿ ಆಗೋ ನೇರಳೆ ಫಿಲಂ ಆದ್ರೆ ಒಂದು ಗಂಟೆ ದಾಟತ್ತೆ. ಹಿಂದಿನ ಗ್ಲಾಸಿಗೆ ಎರಡು ಮೂರು ಗಂಟೆ ಬೇರೆಯಾಗೇ ಇಟ್ಕೊಳ್ಳಿ, ಸಾಧ್ಯ ಆದ್ರೆ ಬೇರೆ ದಿನ ಮಾಡಿ. ಸುಸ್ತಾದ ಕೈಯಲ್ಲೇ ಗೆರೆ ಹೋಗೋದು.

ಗೆರೆ ಕಟ್ ಆಗೇ ಹೋಯ್ತು. ಗ್ಲಾಸ್ ಬದಲಿಸ್ಬೇಕಾ?

ಬೇಡ. ಗೆರೆಗಳು ಒಂದಕ್ಕೊಂದು ಸಮಾನಾಂತರವಾಗಿ ಕನೆಕ್ಟ್ ಆಗಿರತ್ವೆ, ಹಾಗಾಗಿ ಒಂದು ಹೋದ್ರೆ ಅದೊಂದೇ ಹೋಗತ್ತೆ, ಉಳಿದವು ನಡೀತವೆ. ಕಟ್ ಎಲ್ಲಿದೆ ಅಂತ ಕಣ್ಣಿಗೆ ಕಾಣ್ಲಿಲ್ಲ ಅಂದ್ರೆ ಎಂಜಿನ್ ಆಫ್ ಇಟ್ಟು ಇಗ್ನಿಷನ್ ಆನ್ ಮಾಡಿ ಡಿಫಾಗರ್ ಹಾಕಿ ಮಲ್ಟಿಮೀಟರಲ್ಲಿ ಗೆರೆ ಉದ್ದಕ್ಕೂ ವೋಲ್ಟೇಜ್ ನೋಡ್ತಾ ಹೋಗಿ. ಸರಿ ಇರೋ ಗೆರೆಯಲ್ಲಿ ಒಂದು ತುದಿಯಲ್ಲಿ 12ರ ಹತ್ರ ಇದ್ದದ್ದು ಮಧ್ಯಕ್ಕೆ ಬರೋ ಹೊತ್ತಿಗೆ 6ರ ಆಸುಪಾಸು ಬಂದು ನಿಧಾನಕ್ಕೆ ಸೊನ್ನೆಗೆ ಇಳಿಯತ್ತೆ, ಕಟ್ ಆದ ಗೆರೆಯಲ್ಲಿ ಒಂದೇ ಜಾಗದಲ್ಲಿ ಧಡಕ್ಕನೆ ಬೀಳತ್ತೆ, ಅದೇ ಜಾಗ.

ಇದಕ್ಕಂತಲೇ ಬೆಳ್ಳಿ ಬೆರೆಸಿದ ಕಂಡಕ್ಟಿವ್ ಪೇಂಟ್ ಕಿಟ್ ಬರತ್ತೆ. ಆ ಜಾಗವನ್ನ ಆಲ್ಕೋಹಾಲಿಂದ ಒರೆಸಿ, ಗೆರೆಯ ಮೇಲೂ ಕೆಳಗೂ ಟೇಪ್ ಹಾಕಿ ಗೆರೆಯಷ್ಟೇ ಅಗಲ ಸಂದಿ ಬಿಡಿ, ಕಟ್ಟಿನ ಎರಡೂ ಕಡೆ ಹಳೇ ಗೆರೆ ಮೇಲೆ ಸ್ವಲ್ಪ ಹತ್ತೋ ಹಾಗೆ ಪೇಂಟ್ ಹಚ್ಚಿ. ಪೇಂಟ್ ಪೂರ್ತಿ ಗಟ್ಟಿ ಆಗೋ ಮುಂಚೆನೇ ಟೇಪ್ ತೆಗೀರಿ, ಕಿಟ್ ಮೇಲೆ ಬರೆದಷ್ಟು ಹೊತ್ತು ಒಣಗಿಸಿ, ಅಲ್ಲಿವರೆಗೂ ಸ್ವಿಚ್ ಹಾಕ್ಬೇಡಿ. ನನ್ನ ಎರಡು ಗೆರೆನೂ ಹೀಗೇ ವಾಪಸ್ ಬಂತು, ಹತ್ರದಿಂದ ನೋಡಿದ್ರೆ ತೇಪೆ ಕಾಣತ್ತೆ, ಆದ್ರೆ ಮಂಜು ಬಿಡಿಸತ್ತೆ.

ಇದೆಲ್ಲ ನನ್ನ ಕೈಲಾಗಲ್ಲ, ಅಂಗಡಿಗೆ ಕೊಡ್ಲಾ?

ಕೊಡಿ, ತಪ್ಪೇನಿಲ್ಲ, ಹಿಂದಿನ ಗ್ಲಾಸ್ ಒಂದನ್ನೇ ಕೊಟ್ರೂ ಒಳ್ಳೇದೇ. ಕೊಡೋ ಮುಂಚೆ ಎರಡು ಮಾತು ಕೇಳಿ: ಹಿಂದಿನ ಗ್ಲಾಸಿಗೆ ಏನು ಬಳಸ್ತೀರಾ, ಗೆರೆ ಕಟ್ ಆದ್ರೆ ಯಾರು ಜವಾಬ್ದಾರಿ. ಮೊದಲನೇದಕ್ಕೆ ಬ್ಲೇಡ್ ಅಂದ್ರೆ ಕಾರ್ ತಿರುಗಿಸ್ಕೊಂಡು ಬನ್ನಿ.

ಹೊಸ ಫಿಲಂ ತಕ್ಷಣ ಹಾಕಿಸ್ಬಹುದಾ?

ಗ್ಲಾಸಲ್ಲಿ ಜಿಡ್ಡು, ಗಮ್ ಏನೂ ಇಲ್ಲ ಅಂದ್ರೆ ಅದೇ ದಿನ ಹಾಕಬಹುದು. ಟಾರ್ಚ್ ಬೆಳಕನ್ನ ಓರೆಯಾಗಿ ಬಿಟ್ಟು ನೋಡಿ, ಸಾಸಿವೆಯಷ್ಟು ಗಮ್ ಉಳಿದ್ರೂ ಹೊಸ ಫಿಲಂ ಅಡಿ ಗುಳ್ಳೆಯಾಗಿ ಕೂತ್ಕೊಳ್ಳತ್ತೆ. ಹಾಕಿಸಿದ ಮೇಲೆ ಕೆಲವು ದಿನ ಗ್ಲಾಸ್ ಇಳಿಸ್ಬೇಡಿ. ಎಷ್ಟು ಕಪ್ಪು ಇರಬಹುದು ಅನ್ನೋದು ಊರಿಂದೂರಿಗೆ, ದೇಶದಿಂದ ದೇಶಕ್ಕೆ ಬದಲಾಗತ್ತೆ, ನಿಮ್ಮ ಕಡೆ ನಿಯಮ ಏನಿದೆ ಅಂತ ತಿಳ್ಕೊಂಡೇ ಹಾಕಿಸಿ.

ಕಿತ್ತ ಫಿಲಂ, ಹಳೇ ಬ್ಲೇಡ್ ಏನ್ ಮಾಡೋದು?

ಫಿಲಂನ ಗಮ್ ಇರೋ ಕಡೆ ಒಳಗೆ ಬರೋ ಹಾಗೆ ಮಡಚಿ ಕಸಕ್ಕೆ ಹಾಕಿ, ಗಮ್ ಇರೋದ್ರಿಂದ ರೀಸೈಕಲ್ ಡಬ್ಬಕ್ಕೆ ಹಾಕ್ಬೇಡಿ. ಬ್ಲೇಡುಗಳನ್ನ ಎಣಿಸ್ಕೊಂಡು, ಎಷ್ಟು ತೆಗೆದಿದ್ರೋ ಅಷ್ಟೂ ಸಿಕ್ಕಿದೆಯಾ ನೋಡಿ, ಸೀಟ್ ಸಂದಿಯಲ್ಲಿ ಒಂದು ಉಳಿದ್ರೆ ಮುಂದೆ ಕೂರೋರ ಕೈ ಅಲ್ಲಿಗೇ ಹೋಗೋದು. ಎಲ್ಲ ಸೇರಿಸಿ ದಪ್ಪ ಟೇಪಲ್ಲಿ ಸುತ್ತಿ ಆಮೇಲೆ ಎಸೀರಿ, ಕಸ ಎತ್ತೋರಿಗೂ ಕೈಯಿದೆ.